ಕಲ್ಲೆದ್ದ ನೆಲಕ್ಕೆ ಹಲುಬೆ: ಟ್ರ್ಯಾಕ್ಟರ್ ರೇಕಿನ ಬಳಕೆ ಮತ್ತು ಮಿತಿ

ಅಮೆರಿಕದ ಈಶಾನ್ಯ ರಾಜ್ಯಗಳ ಹಳ್ಳಿಗಾಡಿನಲ್ಲಿ ಮೂರು ನಾಲ್ಕು ಎಕರೆ ನೆಲವಿರುವ ಮನೆಯನ್ನು ಕೊಂಡವರಿಗೆ ಮೊದಲ ವಸಂತದಲ್ಲಿಯೇ ಒಂದು ಸಂಗತಿ ಅರಿವಿಗೆ ಬರುತ್ತದೆ. ಹಿಂದಿನ ಶರತ್ಕಾಲದಲ್ಲಿ ಕಲ್ಲುಗಳನ್ನೆಲ್ಲ ಆಯ್ದು ಸ್ವಚ್ಛಗೊಳಿಸಿದ್ದ ನೆಲದಲ್ಲಿ, ಹಿಮ ಕರಗಿದ ಮೇಲೆ, ಮತ್ತೆ ಕಲ್ಲುಗಳು ಎದ್ದು ಕುಳಿತಿರುತ್ತವೆ. ಜೊತೆಗೆ ಚಳಿಗಾಲದ ಗಾಳಿಗೆ ಮುರಿದುಬಿದ್ದ ರೆಂಬೆಗಳು, ಹಿಮ ತಳ್ಳುವ ಯಂತ್ರವು ಹುಲ್ಲಿನ ಮೇಲೆ ಎರಚಿಹೋದ ಜಲ್ಲಿ, ಕಳೆದ ವರ್ಷದ ಒಣಹುಲ್ಲು ಇರುತ್ತವೆ. ಕೈಹಲುಬೆಯಿಂದ ಇವನ್ನೆಲ್ಲ ಎಳೆದು ಒಟ್ಟುಮಾಡುವುದು ಕಾಲು ಎಕರೆಯ ಮಟ್ಟಿಗೆ ಸಾಧ್ಯ. ಅದಕ್ಕೂ ಹೆಚ್ಚಾದರೆ ಬೆನ್ನು ಒಪ್ಪುವುದಿಲ್ಲ. ಆಗ ನೆರವಿಗೆ ಬರುವುದು ಸಣ್ಣ ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಲ್ಯಾಂಡ್‌ಸ್ಕೇಪ್ ರೇಕ್. ಈ ಭಾಗದ ಹಳಬರು ಇದನ್ನು ಯಾರ್ಕ್ ರೇಕ್ ಎಂದೂ ಕರೆಯುತ್ತಾರೆ.

ಕನೆಕ್ಟಿಕಟ್ ರಾಜ್ಯದ ಗುಡ್ಡಗಾಡಿನಲ್ಲಿ ನಾನು ಈ ಸಲಕರಣೆಯನ್ನು ಹನ್ನೊಂದು ವರ್ಷಗಳಿಂದ ಬಳಸುತ್ತಿದ್ದೇನೆ. ಮೊದಲ ವರ್ಷ ಅದರಿಂದ ನನ್ನ ನೆಲಕ್ಕೆ ನಾನೇ ಮಾಡಿದ ಹಾನಿಯನ್ನು ಸರಿಪಡಿಸಲು ಮುಂದಿನ ಮೂರು ವರ್ಷ ಬೇಕಾಯಿತು. ಇದನ್ನು ಎಳೆಯುವುದು ಸುಲಭ. ಎಷ್ಟು ಎಳೆಯಬೇಕು, ಯಾವಾಗ ನಿಲ್ಲಿಸಬೇಕು ಎಂಬುದನ್ನು ತಿಳಿಯುವುದೇ ಕಷ್ಟ. ಸಲಕರಣೆಯ ಪರಿಚಯದೊಂದಿಗೆ ಆ ಮಿತಿಯನ್ನೂ ವಿವರಿಸುವುದು ಈ ಲೇಖನದ ಉದ್ದೇಶ.

ಕಲ್ಲು ಏಕೆ ಮೇಲೇಳುತ್ತದೆ

ನಮ್ಮ ಬಯಲುಸೀಮೆಯ ಕೆಂಪುಮಣ್ಣು ಬಹುಮಟ್ಟಿಗೆ ಅಡಿಯಲ್ಲಿರುವ ಬಂಡೆಯೇ ಶಿಥಿಲಗೊಂಡು ಅಲ್ಲಿಯೇ ಆದ ಮಣ್ಣು. ನ್ಯೂ ಇಂಗ್ಲೆಂಡಿನ ಮಣ್ಣು ಹಾಗಲ್ಲ. ಸುಮಾರು 20,000 ವರ್ಷಗಳ ಹಿಂದೆ ಲಾರೆನ್ಟೈಡ್ ಎಂಬ ಮಹಾ ಹಿಮಹಾಳೆಯು ಉತ್ತರದಿಂದ ಇಳಿದು ಲಾಂಗ್ ಐಲೆಂಡಿನವರೆಗೂ ಈ ನೆಲವನ್ನು ಮುಚ್ಚಿತ್ತು. ಅದು ಬಂಡೆಗಳನ್ನು ಕಿತ್ತು, ಅರೆದು, ಹೊತ್ತು ತಂದು, ಕರಗುವಾಗ ಮಣ್ಣು ಮರಳು ಕಲ್ಲುಗಳನ್ನು ಬೇರ್ಪಡಿಸದೆ ಒಟ್ಟಾಗಿಯೇ ಇಲ್ಲಿ ಬಿಟ್ಟುಹೋಯಿತು. ಹೀಗಾಗಿ ಹೊಲದ ಆಳದಲ್ಲೆಲ್ಲ ನಾನಾ ಗಾತ್ರದ ಕಲ್ಲುಗಳು ಹುದುಗಿವೆ.

ಚಳಿಗಾಲವು ಅವುಗಳನ್ನು ಮೇಲಕ್ಕೆ ತಳ್ಳುತ್ತದೆ. ಕಲ್ಲು ಮಣ್ಣಿಗಿಂತ ಚೆನ್ನಾಗಿ ಶಾಖವನ್ನು ಸಾಗಿಸುವುದರಿಂದ ಮೇಲಿನ ಚಳಿಯು ಕಲ್ಲಿನ ಮೂಲಕ ಬೇಗ ಕೆಳಗಿಳಿಯುತ್ತದೆ. ಅದರ ಅಡಿಯ ತೇವ ಸುತ್ತಲಿನ ಮಣ್ಣಿಗಿಂತ ಮೊದಲು ಹೆಪ್ಪುಗಟ್ಟುತ್ತದೆ. ನೀರು ಮಂಜುಗಡ್ಡೆಯಾಗುವಾಗ ಗಾತ್ರದಲ್ಲಿ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಅಷ್ಟೇ ಅಲ್ಲದೆ ಕೆಳಗಿನ ತೇವವೂ ಆ ಹೆಪ್ಪಿನ ಕಡೆಗೆ ಸೆಳೆಯಲ್ಪಟ್ಟು ಪದರಪದರವಾಗಿ ಗಡ್ಡೆಗಟ್ಟುತ್ತದೆ. ಹೀಗೆ ಮೇಲೆದ್ದ ಕಲ್ಲಿನ ಅಡಿಯ ಟೊಳ್ಳಿಗೆ ಹಿಮ ಕರಗಿದಾಗ ಮಣ್ಣು ಜಾರಿ ತುಂಬಿಕೊಳ್ಳುವುದರಿಂದ ಕಲ್ಲು ಮರಳಿ ತನ್ನ ಹಳೆಯ ಜಾಗಕ್ಕೆ ಇಳಿಯಲಾರದು. ಮೇಲೆ ಹುಲ್ಲಿಲ್ಲದ ನೆಲ ಹೆಚ್ಚು ಆಳದವರೆಗೆ ಹೆಪ್ಪುಗಟ್ಟುತ್ತದೆ. ಅಲ್ಲಿ ಕಲ್ಲು ಏಳುವುದೂ ಹೆಚ್ಚು.

ಹದಿನೆಂಟು ಮತ್ತು ಹತ್ತೊಂಬತ್ತನೆಯ ಶತಮಾನದ ರೈತರು ಈ ಕಲ್ಲುಗಳನ್ನು ಎತ್ತಿನ ಬಲದಿಂದ ಹೊಲದ ಅಂಚಿಗೆ ಸಾಗಿಸಿ ಗೋಡೆ ಪೇರಿಸಿದರು. ಇಂದು ಕಾಡಿನ ನಡುವೆಯೂ ಕಾಣಿಸುವ ಆ ಗೋಡೆಗಳು ಒಂದು ಕಾಲದಲ್ಲಿ ಅಲ್ಲಿ ಹೊಲವಿತ್ತೆಂಬುದರ ಗುರುತು. ಕಲ್ಲನ್ನು ಒಮ್ಮೆಗೇ ಮುಗಿಸಿಬಿಡಬಹುದೆಂದು ಹೊರಟವರು ಈ ಇತಿಹಾಸವನ್ನು ಮೊದಲು ನೆನೆಯಬೇಕು.

ಸಲಕರಣೆಯ ರಚನೆ

ಹಳೆಯ ಮೈಸೂರು ಸೀಮೆಯ ರಾಗಿ ಹೊಲಗಳಲ್ಲಿ ಎತ್ತುಗಳ ಹಿಂದೆ ಕಟ್ಟುತ್ತಿದ್ದ ಹಲುಬೆಯನ್ನು ಕಂಡವರಿಗೆ ಲ್ಯಾಂಡ್‌ಸ್ಕೇಪ್ ರೇಕನ್ನು ಬೇರೆಯಾಗಿ ವರ್ಣಿಸಬೇಕಾಗಿಲ್ಲ. ಮರದ ದಿಂಡಿನ ಬದಲು ಕಬ್ಬಿಣದ ತೊಲೆ, ಮರದ ಹಲ್ಲಿನ ಬದಲು ಸ್ಪ್ರಿಂಗ್ ಉಕ್ಕಿನ ಬಾಗಿದ ಹಲ್ಲುಗಳು. ಹಲ್ಲಿನ ತುದಿ ಮುಂದಕ್ಕೆ ಬಾಗಿರುತ್ತದೆ. ಹಲ್ಲುಗಳ ನಡುವಿನ ಸಂದು ಸುಮಾರು ಒಂದು ಇಂಚು; ಅದಕ್ಕಿಂತ ಸಣ್ಣ ಕಲ್ಲು ಮತ್ತು ಸಡಿಲ ಮಣ್ಣು ಸಂದಿನಲ್ಲಿ ನುಸುಳಿ ಹಿಂದೆ ಉಳಿಯಬೇಕು, ದೊಡ್ಡವು ಮುಂದೆ ಸಾಗಬೇಕು. ಬಲವಾದ ಅಡ್ಡಿ ಎದುರಾದರೆ ಹಲ್ಲು ಬಳುಕಿ ಅದನ್ನು ದಾಟುತ್ತದೆ. ಒಂದು ಹಲ್ಲು ಮುರಿದರೆ ಬೋಲ್ಟು ಬಿಚ್ಚಿ ಅದೊಂದನ್ನೇ ಬದಲಿಸಬಹುದು.

ಇದು ಟ್ರ್ಯಾಕ್ಟರಿಗೆ ಸೇರುವುದು ಮೂರು ಕೊಂಡಿಗಳ ತ್ರೀ-ಪಾಯಿಂಟ್ ಹಿಚ್ ಮೂಲಕ. ಹ್ಯಾರಿ ಫರ್ಗ್ಯೂಸನ್ ರೂಪಿಸಿದ ಈ ವ್ಯವಸ್ಥೆಯು 1939ರಲ್ಲಿ ಹೊರಬಂದ ಫೋರ್ಡ್ 9ಎನ್ ಟ್ರ್ಯಾಕ್ಟರಿನೊಂದಿಗೆ ಅಮೆರಿಕದಲ್ಲಿ ಮನೆಮಾತಾಯಿತು. ಕೆಳಗಿನ ಎರಡು ತೋಳುಗಳು ಸಲಕರಣೆಯನ್ನು ಎಳೆಯುತ್ತವೆ ಮತ್ತು ಎತ್ತುತ್ತವೆ. ಮೇಲಿನ ಟಾಪ್ ಲಿಂಕ್ ಅದರ ಓರೆಯನ್ನು ನಿರ್ಧರಿಸುತ್ತದೆ. ಮನೆಬಳಕೆಯ ಸಣ್ಣ ಟ್ರ್ಯಾಕ್ಟರುಗಳಲ್ಲಿರುವುದು ಸಾಮಾನ್ಯವಾಗಿ ಮೊದಲ ವರ್ಗದ ಹಿಚ್. 25 ಅಶ್ವಶಕ್ತಿಯ ಟ್ರ್ಯಾಕ್ಟರಿಗೆ ಐದು ಅಡಿಯ ರೇಕ್ ಹೊಂದುತ್ತದೆ. ಹಿಂಗಾಲಿಗಳ ಹೊರ ಅಂಚನ್ನು ರೇಕ್ ದಾಟಿರಬೇಕೆಂಬುದು ಆಯ್ಕೆಯ ಸರಳ ನಿಯಮ. ಇಲ್ಲದಿದ್ದರೆ ಹದಗೊಳಿಸಿದ ನೆಲದ ಮೇಲೆ ಗಾಲಿಯ ಗುರುತು ಉಳಿಯುತ್ತದೆ.

ರೇಕನ್ನು ಮೂರು ಬಗೆಯಲ್ಲಿ ನಿಲ್ಲಿಸಬಹುದು. ನೇರವಾಗಿಟ್ಟರೆ ಕಸಕಲ್ಲುಗಳು ಮುಂದೆ ಒಟ್ಟಾಗುತ್ತವೆ. ಸಾಕಾದಲ್ಲಿ ಎತ್ತಿ ರಾಶಿ ಬಿಡಬಹುದು. ಓರೆಯಾಗಿಟ್ಟರೆ ಅವು ಒಂದು ಬದಿಗೆ ಜಾರಿ ಸಾಲುಗಟ್ಟುತ್ತವೆ. ದೊಡ್ಡ ಜಾಗಕ್ಕೆ ಇದೇ ಅನುಕೂಲ. ಹಿಂದುಮುಂದಾಗಿ ತಿರುಗಿಸಿಟ್ಟರೆ ಹಲ್ಲಿನ ಬೆನ್ನು ನೆಲಕ್ಕೆ ತಾಗಿ, ಸಡಿಲ ಮಣ್ಣು ಹರಡಿ ಸಮನಾಗುತ್ತದೆ. ಹಿಂದೆ ಎರಡು ಗೇಜ್ ವೀಲ್‌ಗಳನ್ನು ಜೋಡಿಸಿದರೆ ಹಲ್ಲು ಇಳಿಯುವ ಆಳ ಒಂದೇ ಸಮ ನಿಲ್ಲುತ್ತದೆ. ಹೊಸಬರಿಗೆ ಈ ಗಾಲಿಗಳು ಅತ್ಯಗತ್ಯವೆಂದೇ ನನ್ನ ಅಭಿಪ್ರಾಯ.

ಇದೇ ಕುಟುಂಬದ ಬೇರೆ ಸಲಕರಣೆಗಳೊಂದಿಗೆ ಇದನ್ನು ಗೊಂದಲಿಸಿಕೊಳ್ಳಬಾರದು. ಬಾಕ್ಸ್ ಬ್ಲೇಡ್ ಗಟ್ಟಿ ನೆಲವನ್ನು ಕೆರೆದು, ಮಣ್ಣನ್ನು ಪೆಟ್ಟಿಗೆಯಂತೆ ಹಿಡಿದು ಬೇರೆಡೆಗೆ ಒಯ್ಯುತ್ತದೆ. ಪವರ್ ರೇಕ್ ಟ್ರ್ಯಾಕ್ಟರಿನ ಪಿಟಿಒ ಶಕ್ತಿಯಿಂದ ತಿರುಗುವ ಹಲ್ಲಿನ ಉರುಳೆಯುಳ್ಳದ್ದು. ಅದು ಮಣ್ಣನ್ನು ಪುಡಿಮಾಡಿ ಬೀಜಕ್ಕೆ ಸಿದ್ಧಗೊಳಿಸುತ್ತದೆ. ಲ್ಯಾಂಡ್‌ಸ್ಕೇಪ್ ರೇಕಿಗೆ ಸ್ವಂತ ಶಕ್ತಿಯಿಲ್ಲ. ಅದು ಆಗಲೇ ಸಡಿಲವಾಗಿ ಮೇಲೆ ಬಿದ್ದಿರುವುದನ್ನು ಬಾಚುತ್ತದೆ. ಅದರಿಂದ ಅಗೆಯಲು ಹೊರಟರೆ ನೆಲವೂ ಕೆಡುತ್ತದೆ, ಸಲಕರಣೆಯೂ ಕೆಡುತ್ತದೆ.

ನನ್ನ ಮೊದಲ ಏಪ್ರಿಲ್

ನಾನು ಮಾಡಿದ್ದು ಅದನ್ನೇ. ಮನೆಯ ಹಿಂದೆ ಅರ್ಧ ಎಕರೆಯ ಇಳಿಜಾರು; ಅದರ ಕೆಳ ಅಂಚಿನಲ್ಲಿ ಹಳೆಯ ಕಲ್ಲುಗೋಡೆ, ಗೋಡೆಯಾಚೆ ಒಂದು ತೊರೆ. ಏಪ್ರಿಲ್ ಎರಡನೆಯ ವಾರ ಮೇಲ್ಮೈ ಒಣಗಿದಂತೆ ಕಂಡಿತು. ಎರಡು ಇಂಚು ಕೆಳಗೆ ನೆಲ ಇನ್ನೂ ಅಂಬಲಿಯಂತಿತ್ತು ಎಂಬುದನ್ನು ನಾನು ನೋಡಲಿಲ್ಲ. ಹೆಚ್ಚು ಕಲ್ಲು ಬರಲಿ ಎಂದು ಹಲ್ಲುಗಳ ತುದಿಯನ್ನು ನೆಟ್ಟಗೆ ನಿಲ್ಲಿಸಿ, ಇಳಿಜಾರಿನುದ್ದಕ್ಕೂ ಮೇಲಿನಿಂದ ಕೆಳಕ್ಕೆ ಎಳೆದೆ. ಸಂಜೆಯ ವೇಳೆಗೆ ಗೋಡೆಯ ಬಳಿ ಸೊಂಟದೆತ್ತರದ ಉದ್ದನೆಯ ರಾಶಿ ಬಿದ್ದಿತ್ತು. ದಿನದ ಕೆಲಸ ಸಾರ್ಥಕವಾಯಿತೆಂದು ಮಲಗಿದೆ. ರಾತ್ರಿ ಜೋರು ಮಳೆ. ಬೆಳಗ್ಗೆ ಹಲ್ಲೆಳೆದ ಪ್ರತಿಯೊಂದು ಗೀರೂ ಒಂದೊಂದು ಕಾಲುವೆಯಾಗಿತ್ತು, ತೊರೆಯ ನೀರು ಕಂದುಬಣ್ಣಕ್ಕೆ ತಿರುಗಿತ್ತು.

ಮೂವತ್ತು ವರ್ಷ ಹಾಲಿನ ಹಸುಗಳನ್ನು ಸಾಕಿದ್ದ ನೆರೆಯ ಹಿರಿಯರೊಬ್ಬರು ಆ ಬೆಳಗ್ಗೆ ಬಂದರು. ರಾಶಿಗೆ ಕೈಹಾಕಿ ಒಂದು ಬೊಗಸೆ ಎತ್ತಿ, ಕಲ್ಲುಗಳನ್ನು ಒಂದೊಂದಾಗಿ ಕೆಳಗೆ ಹಾಕಿದರು. ಕೊನೆಗೆ ಕೈಯಲ್ಲಿ ಉಳಿದದ್ದು ಬೊಗಸೆಯ ಮುಕ್ಕಾಲು ಭಾಗ. ಬೇರುಗಳೊಂದಿಗೆ ಹೆಣೆದ ಕಪ್ಪು ಮೇಲ್ಮಣ್ಣು. "ಕಲ್ಲು ಮುಂದಿನ ವರ್ಷವೂ ಬರುತ್ತದೆ, ಇದು ಬರುವುದಿಲ್ಲ" ಎಂದಷ್ಟೇ ಹೇಳಿದರು.

ಲೆಕ್ಕ ಹಾಕಿದರೆ ಅವರ ಮಾತಿನ ತೂಕ ತಿಳಿಯುತ್ತದೆ. ಅರ್ಧ ಎಕರೆಯೆಂದರೆ 21,780 ಚದರ ಅಡಿ. ಅಲ್ಲಿಂದ ಅರ್ಧ ಇಂಚು ಮಣ್ಣು ಹೋದರೆ ಸುಮಾರು 34 ಘನ ಗಜ. ಹತ್ತು ಘನ ಗಜ ಹಿಡಿಯುವ ಡಂಪ್ ಟ್ರಕ್ಕಿನಲ್ಲಿ ಮೂರು ಲೋಡಿಗೂ ಮಿಗಿಲು. ನಿಸರ್ಗ ಅಷ್ಟು ಮೇಲ್ಮಣ್ಣನ್ನು ಕಟ್ಟಲು ತಲೆಮಾರುಗಳೇ ಬೇಕು. ನಾನು ಅದನ್ನು ಒಂದು ಮಧ್ಯಾಹ್ನದಲ್ಲಿ ಗೋಡೆಯ ಬುಡಕ್ಕೆ ತಳ್ಳಿದ್ದೆ.

ಹದ ನೋಡುವುದು

ನಮ್ಮ ರೈತರ ಮಾತಿನಲ್ಲಿ ಹದ ಎಂಬ ಪದಕ್ಕಿರುವ ಅರ್ಥವನ್ನು ಯಂತ್ರದ ಕೈಪಿಡಿಗಳು ಒಂದು ವಾಕ್ಯದಲ್ಲಿ ಹೇಳಲಾರವು. ಮಣ್ಣು ತೀರ ಹಸಿಯೂ ಅಲ್ಲದೆ ತೀರ ಒಣಗಿಯೂ ಇರದೆ, ಸಲಕರಣೆಗೆ ಒಪ್ಪುವ ಸ್ಥಿತಿ ಅದು. ನಾಲ್ಕು ಇಂಚು ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಕಟ್ಟಿ ಒತ್ತಬೇಕು. ಉಂಡೆಯನ್ನು ಹೆಬ್ಬೆರಳಿನಿಂದ ತಟ್ಟಿದಾಗ ಉದುರಿದರೆ ಹದ ಬಂದಿದೆ. ಅಂಟಾಗಿ ಉಳಿದರೆ ಅಥವಾ ಬೆರಳಿನ ಗುರುತು ಮಿರುಗಿದರೆ ಕಾಯಬೇಕು. ಹಸಿಮಣ್ಣು ಹಲ್ಲಿನ ಸಂದುಗಳನ್ನು ಮೆತ್ತಿ ರೇಕನ್ನು ಹಲಗೆಯಂತೆ ಮಾಡಿಬಿಡುತ್ತದೆ. ಆಗ ಸೋಸುವ ಗುಣವೇ ಹೋಗಿ ಕಲ್ಲಿನೊಂದಿಗೆ ಮಣ್ಣೆಲ್ಲ ಸಾಗುತ್ತದೆ. ಟ್ರ್ಯಾಕ್ಟರಿನ ಭಾರಕ್ಕೆ ಹಸಿನೆಲ ಒತ್ತಿಕೊಂಡು, ನೀರೂ ಬೇರೂ ಇಳಿಯದಷ್ಟು ಬಿಗಿಯಾಗುವುದು ಇನ್ನೊಂದು ಹಾನಿ. ತೀರ ಒಣಗಿದ ನೆಲದಲ್ಲಿಯೋ ಹಲ್ಲು ಮೇಲೆ ಮೇಲೆ ಕುಣಿಯುತ್ತದೆ, ಧೂಳೆದ್ದು ನವಿರಾದ ಮಣ್ಣು ಗಾಳಿಗೆ ಹೋಗುತ್ತದೆ.

ಎಳೆಯುವ ಕ್ರಮ

ಮೊದಲು ನಡೆದು ನೋಡಬೇಕು. ತಲೆಗಿಂತ ದೊಡ್ಡ ಕಲ್ಲು, ತಂತಿ, ಮರದ ಬೊಡ್ಡೆ, ಗಡಿಗೂಟ ಇವನ್ನು ತೆಗೆಯಬೇಕು ಇಲ್ಲವೆ ಬಾವುಟ ನೆಟ್ಟು ಗುರುತಿಸಬೇಕು. ಅಡಿಯಲ್ಲಿ ಹಾದುಹೋದ ಕೊಳವೆ ಮತ್ತು ತಂತಿಗಳ ಗುರುತಿಗಾಗಿ ಅಮೆರಿಕದಲ್ಲಿ 2007ರಿಂದ 811 ಎಂಬ ಒಂದೇ ದೂರವಾಣಿ ಸಂಖ್ಯೆಯಿದೆ. ಕೆಲವು ದಿನ ಮುಂಚೆ ಕರೆದರೆ ಉಚಿತವಾಗಿ ಬಂದು ಬಣ್ಣ ಹಾಕಿಹೋಗುತ್ತಾರೆ. ಆದರೆ ನಾಯಿಬೇಲಿಯ ತಂತಿ, ಹುಲ್ಲಿಗೆ ನೀರುಣಿಸುವ ಕೊಳವೆ ಮುಂತಾಗಿ ಮನೆಯವರೇ ಹಾಕಿಸಿಕೊಂಡವು ಅದರಲ್ಲಿ ಸೇರುವುದಿಲ್ಲ. ಹೆಚ್ಚು ಆಳದಲ್ಲಿಲ್ಲದ ಕಾರಣ ರೇಕಿಗೆ ಸಿಕ್ಕಿಕೊಳ್ಳುವುದೂ ಅವೇ.

ಸಮತಟ್ಟಾದ ಜಾಗದಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿ ರೇಕ್ ಎಡಬಲಕ್ಕೆ ಸಮನಾಗಿದೆಯೇ ನೋಡಿಕೊಳ್ಳಬೇಕು. ಟಾಪ್ ಲಿಂಕನ್ನು ಒಂದೊಂದೇ ಸುತ್ತು ತಿರುಗಿಸುತ್ತ, ಪ್ರತಿಸಲವೂ ಹತ್ತಡಿ ಎಳೆದು, ಇಳಿದು ಹಿಂದೆ ನೋಡಬೇಕು. ಹಲ್ಲಿನ ತುದಿ ನೆಟ್ಟಗಾದಷ್ಟೂ ನೆಲವನ್ನು ಕಚ್ಚುತ್ತದೆ, ಮಲಗಿದಷ್ಟೂ ಮೇಲೆ ಜಾರುತ್ತದೆ. ಹುಲ್ಲಿನ ಬುಡ ಕೀಳದೆ ಕಲ್ಲು ಮಾತ್ರ ಉರುಳುವ ಸ್ಥಿತಿ ಸಿಕ್ಕಿದಾಗ ಅಲ್ಲಿಗೆ ನಿಲ್ಲಿಸಬೇಕು.

ವೇಗ ನಡಿಗೆಯಷ್ಟಿರಲಿ. ಮೊದಲ ಸುತ್ತು ಹಗುರವಾಗಿ ಒಂದು ದಿಕ್ಕಿಗೆ, ಎರಡನೆಯದು ಅದಕ್ಕೆ ಅಡ್ಡಲಾಗಿ. ಒಂದೇ ಆಳದ ಸುತ್ತಿಗಿಂತ ಎರಡು ಹಗುರ ಸುತ್ತುಗಳು ಕಡಿಮೆ ಮಣ್ಣು ಒಯ್ಯುತ್ತವೆ. ರೇಕ್ ನೆಲದಲ್ಲಿರುವಾಗ ತಿರುಗಬಾರದು. ಎತ್ತಿ, ತಿರುಗಿ, ಮತ್ತೆ ಇಳಿಸಬೇಕು. ಅಡ್ಡಬಲ ಬಿದ್ದರೆ ಹಲ್ಲು ಸೊಟ್ಟಗಾಗುತ್ತದೆ. ಬೇರಿಗೆ ಸಿಕ್ಕಿಕೊಂಡರೆ ಬಲವಂತವಾಗಿ ಎಳೆಯದೆ ನಿಂತು, ರೇಕನ್ನು ಎತ್ತಿ ಬಿಡಿಸಿಕೊಳ್ಳಬೇಕು. ಅಡಿಕೆಗಿಂತ ಸಣ್ಣ ಕಲ್ಲುಗಳ ಗೊಡವೆಗೆ ಹೋಗಬಾರದು. ಅವು ಹುಲ್ಲಿಗೆ ತೊಂದರೆ ಮಾಡುವುದಿಲ್ಲ.

ಬರಿದಾದ ನೆಲವನ್ನು ಹಾಗೆಯೇ ಬಿಡಬಾರದು. ಈ ಭಾಗದಲ್ಲಿ ಫೆಸ್ಕ್ಯೂ, ಬ್ಲೂಗ್ರಾಸ್, ರೈ ಹುಲ್ಲುಗಳ ಬಿತ್ತನೆಗೆ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ನಡುವಿನವರೆಗಿನ ಕಾಲ ಒಳ್ಳೆಯದು. ಆಗ ಮಣ್ಣು ಬೆಚ್ಚಗಿರುತ್ತದೆ, ಬಿಸಿಲು ಇಳಿದಿರುತ್ತದೆ, ಕಳೆ ಕಡಿಮೆ. ಬೀಜದ ಮೇಲೆ ಕಾಲು ಇಂಚು ಮಣ್ಣು ಸಾಕು. ಮೇಲೆ ತೆಳ್ಳಗೆ ಗೋಧಿಹುಲ್ಲು ಹರಡಿದರೆ ಮಳೆಯ ಹೊಡೆತ ತಪ್ಪುತ್ತದೆ. ಆದ್ದರಿಂದ ನಾನು ವಸಂತದಲ್ಲಿ ಮೇಲೆ ಬಿದ್ದ ಕಸಕಲ್ಲನ್ನು ಮಾತ್ರ ಬಾಚಿ, ನೆಲ ಕೆದಕುವ ಕೆಲಸವನ್ನೆಲ್ಲ ಬೇಸಿಗೆಯ ಕೊನೆಗೆ ಇಟ್ಟುಕೊಳ್ಳುತ್ತೇನೆ.

ಜಲ್ಲಿದಾರಿಯಲ್ಲಿ

ಮನೆಗೆ ಬರುವ ಜಲ್ಲಿದಾರಿಯ ಮೇಲೆ ರೇಕ್ ತುಂಬ ಉಪಯುಕ್ತ. ಓರೆಯಾಗಿಟ್ಟು ಅಂಚಿನಿಂದ ನಡುವಿಗೆ ಎಳೆದರೆ ಚೆದುರಿದ ಜಲ್ಲಿ ಮರಳಿ ದಾರಿಗೆ ಬರುತ್ತದೆ. ದಾರಿಯ ನಡು ಎತ್ತರವಾಗಿ ಎರಡೂ ಬದಿಗೆ ನೀರು ಇಳಿಯಬೇಕು; ಜಲ್ಲಿರಸ್ತೆಗೆ ಅಡಿಗೆ ಅರ್ಧ ಇಂಚಿನ ಇಳುಕಲು ಸಾಮಾನ್ಯ ಪ್ರಮಾಣ. ಹನ್ನೆರಡು ಅಡಿ ಅಗಲದ ದಾರಿಯಲ್ಲಿ ಅಂಚಿಗಿಂತ ನಡು ಮೂರು ಇಂಚು ಎತ್ತರ. ಗುಂಡಿಗಳ ವಿಷಯದಲ್ಲಿ ಮಾತ್ರ ರೇಕಿನಿಂದ ಮೋಸಹೋಗಬಾರದು. ಅದು ಗುಂಡಿಯನ್ನು ಸಡಿಲ ಜಲ್ಲಿಯಿಂದ ಮುಚ್ಚುತ್ತದೆ, ಎರಡು ಮಳೆಗೆ ಅದು ಮತ್ತೆ ಬಾಯ್ದೆರೆಯುತ್ತದೆ. ಬಾಕ್ಸ್ ಬ್ಲೇಡಿನಿಂದ ಗುಂಡಿಯ ತಳದವರೆಗೂ ಕೆರೆದು ಹೊಸದಾಗಿ ತುಂಬಿ ಅದುಮಿದರೆ ಮಾತ್ರ ಅದು ಮುಚ್ಚುತ್ತದೆ. ವೇಗವಾಗಿ ಎಳೆದರೆ ರೇಕ್ ಕುಣಿದು ದಾರಿಯುದ್ದಕ್ಕೂ ಅಲೆಯಲೆಯಾದ ಏರುತಗ್ಗು ಏಳುತ್ತದೆ.

ಇಳಿಜಾರು ಮತ್ತು ಜೀವರಕ್ಷಣೆ

ಇಳಿಜಾರಿಗೆ ಅಡ್ಡಲಾಗಿ ಉಳಬೇಕು, ಬದು ಕಟ್ಟಬೇಕು ಎಂಬುದು ಕರ್ನಾಟಕದ ಮಳೆಯಾಶ್ರಿತ ಹೊಲಗಳಲ್ಲಿ ಬಲ್ಲ ಪಾಠ. ಮಣ್ಣಿನ ದೃಷ್ಟಿಯಿಂದ ಇಲ್ಲಿಯೂ ಅದೇ ಸರಿ. ಆದರೆ ಸಣ್ಣ ಟ್ರ್ಯಾಕ್ಟರ್ ಇಳಿಜಾರಿಗೆ ಅಡ್ಡಲಾಗಿ ಸಾಗುವಾಗ ಪಕ್ಕಕ್ಕೆ ಮಗುಚಬಹುದು. ಕೆಳಬದಿಯ ಗಾಲಿ ಒಂದು ಗುಂಡಿಗಿಳಿದರೂ, ಮೇಲ್ಬದಿಯ ಗಾಲಿ ಒಂದು ಕಲ್ಲು ಹತ್ತಿದರೂ ಸಾಕು. ಮಣ್ಣಿನ ಹಿತ ಒಂದು ಕಡೆ, ಚಾಲಕನ ಪ್ರಾಣ ಇನ್ನೊಂದು ಕಡೆ ಎಳೆಯುತ್ತವೆ. ನಾನು ಕಂಡುಕೊಂಡ ದಾರಿಯಿದು: ಹಗುರ ಇಳಿಜಾರಿನಲ್ಲಿ ಟ್ರ್ಯಾಕ್ಟರನ್ನು ಮೇಲೆ ಕೆಳಗೆ ನಡೆಸಿ, ಕೊನೆಯಲ್ಲಿ ಕೈಹಲುಬೆಯಿಂದ ಅಡ್ಡಗೀರುಗಳನ್ನು ಎಳೆದು ನೀರಿನ ಓಟ ತಡೆಯುವುದು. ಕಡಿದಾದ ಇಳಿಜಾರಿಗೆ ಟ್ರ್ಯಾಕ್ಟರನ್ನೇ ಒಯ್ಯದಿರುವುದು.

ಟ್ರ್ಯಾಕ್ಟರ್ ಮಗುಚುವುದು ಅಮೆರಿಕದ ಕೃಷಿಕರ ಅಪಘಾತ ಮರಣಗಳಿಗೆ ಬಹುಕಾಲದಿಂದ ಮುಖ್ಯ ಕಾರಣವಾಗಿದೆ. ಚಾಲಕನ ತಲೆಯ ಮೇಲೆ ನಿಲ್ಲುವ ರಕ್ಷಣಾ ಚೌಕಟ್ಟನ್ನು, 1976ರ ಅಕ್ಟೋಬರ್ 25ರ ನಂತರ ತಯಾರಾಗಿ ನೌಕರರು ನಡೆಸುವ ಟ್ರ್ಯಾಕ್ಟರುಗಳಿಗೆ ಸರ್ಕಾರ ಕಡ್ಡಾಯಗೊಳಿಸಿತು. 1985ರ ಹೊತ್ತಿಗೆ ತಯಾರಕರು 20 ಅಶ್ವಶಕ್ತಿ ಮೀರಿದ ಟ್ರ್ಯಾಕ್ಟರುಗಳಿಗೆ ತಾವಾಗಿಯೇ ಅಳವಡಿಸತೊಡಗಿದರು. ಚೌಕಟ್ಟು ನೆಟ್ಟಗಿರುವಾಗ ಸೀಟ್ ಬೆಲ್ಟ್ ಕಟ್ಟಲೇಬೇಕು. ಕಟ್ಟದವನು ಚೌಕಟ್ಟಿನಾಚೆಗೆ ಎಸೆಯಲ್ಪಡುತ್ತಾನೆ. ಗ್ಯಾರೇಜಿನ ಬಾಗಿಲು ಗಿಡ್ಡವೆಂದು ಮಡಚಿದ ಚೌಕಟ್ಟನ್ನು ಹೊರಬಂದ ಮೇಲೆ ಮತ್ತೆ ಎತ್ತಿ ನಿಲ್ಲಿಸಲು ಮರೆಯುವವರು ಬಹಳ. ಹಳೆಯ, ಚೌಕಟ್ಟಿಲ್ಲದ ಅಗ್ಗದ ಟ್ರ್ಯಾಕ್ಟರನ್ನು ಕೊಳ್ಳುವವರು ಚೌಕಟ್ಟಿನ ಖರ್ಚನ್ನೂ ಸೇರಿಸಿಯೇ ಬೆಲೆ ಲೆಕ್ಕಹಾಕಬೇಕು. ಇಳಿಯುವ ಮುನ್ನ ರೇಕನ್ನು ನೆಲಕ್ಕಿಳಿಸಿ ಎಂಜಿನ್ ನಿಲ್ಲಿಸುವುದನ್ನು ರೂಢಿ ಮಾಡಿಕೊಳ್ಳಬೇಕು.

ಬಿಡಬೇಕಾದ ಜಾಗಗಳು, ಸುಡಬಾರದ ರಾಶಿಗಳು

ಮನೆಯ ಮಲಿನ ನೀರು ಇಂಗುವ ಸೆಪ್ಟಿಕ್ ಬಯಲಿನ ಮೇಲೆ ಟ್ರ್ಯಾಕ್ಟರ್ ಓಡಿಸಬಾರದು. ಮಣ್ಣು ಬಿಗಿದರೆ, ಕೊಳವೆ ಜಜ್ಜಿದರೆ ದುರಸ್ತಿಯ ವೆಚ್ಚ ದೊಡ್ಡದು. ದೊಡ್ಡ ಮರದ ಕೆಳಗೆ ನೀರುಣ್ಣುವ ಬೇರುಗಳು ಬಹುಪಾಲು ಮೇಲ್ಮಣ್ಣಿನಲ್ಲಿಯೇ ಇರುತ್ತವೆ. ಅಲ್ಲಿ ಕೈಹಲುಬೆಯೇ ಸರಿ. ತೊರೆ ಮತ್ತು ಜೌಗಿನ ಬಳಿ ಕಾನೂನಿನ ಮಾತೂ ಇದೆ. ಕನೆಕ್ಟಿಕಟ್‌ನಲ್ಲಿ 1972ರ ಒಳನಾಡಿನ ಜೌಗು ಮತ್ತು ಜಲಮಾರ್ಗಗಳ ಕಾಯಿದೆಯ ಪ್ರಕಾರ ಜೌಗುಭೂಮಿಯನ್ನು ಗುರುತಿಸುವುದು ಮಣ್ಣಿನ ಬಗೆಯಿಂದ. ಒಣಗಿದಂತೆ ಕಾಣುವ ಹುಲ್ಲುನೆಲವೂ ಅದರಲ್ಲಿ ಸೇರಬಹುದು. ಊರಿನ ಕಚೇರಿಯಲ್ಲಿ ಮೊದಲೇ ವಿಚಾರಿಸಿದರೆ ತೊಂದರೆಯಿಲ್ಲ. ನಾನು ನನ್ನ ಮೊದಲ ಏಪ್ರಿಲ್ಲಿನ ನಂತರ ವಿಚಾರಿಸಿದೆ.

ಒಟ್ಟಾದ ರೆಂಬೆಬಳ್ಳಿಗಳನ್ನು ಸುಡುವ ಮುನ್ನ ಅದರಲ್ಲಿ ಪಾಯ್ಸನ್ ಐವಿ ಎಂಬ ಮೂರೆಲೆಯ ಬಳ್ಳಿ ಇಲ್ಲವೆಂದು ಖಚಿತಮಾಡಿಕೊಳ್ಳಬೇಕು. ಇದು ನಮ್ಮ ಗೇರು ಮತ್ತು ಮಾವಿನ ಕುಟುಂಬಕ್ಕೇ ಸೇರಿದ ಸಸ್ಯ. ಗೇರುಬೀಜದ ಸಿಪ್ಪೆಯೆಣ್ಣೆ ತಗುಲಿ ಚರ್ಮ ಸುಟ್ಟವರನ್ನು ಕರಾವಳಿಯವರು ಬಲ್ಲರು. ಅದಕ್ಕೆ ಹತ್ತಿರದ ಉರುಷಿಯಾಲ್ ಎಂಬ ಎಣ್ಣೆ ಇದರ ಎಲೆ, ಬೇರು, ಒಣಗಿದ ಕಾಂಡ ಎಲ್ಲದರಲ್ಲಿಯೂ ಇದೆ. ಸುಟ್ಟರೆ ಅದು ಹೊಗೆಯೊಂದಿಗೆ ಶ್ವಾಸಕೋಶಕ್ಕೆ ಹೋಗಿ ಪ್ರಾಣಾಪಾಯ ತರಬಹುದು. ರೇಕಿನ ಹಲ್ಲಿಗೆ ಸುತ್ತಿಕೊಂಡ ಬೇರುಗಳನ್ನು ಬರಿಗೈಯಿಂದ ಬಿಡಿಸಬಾರದು. ಹಲ್ಲಿಗೆ ಅಂಟಿದ ಎಣ್ಣೆಯೂ ಬಹುಕಾಲ ಚುರುಕಾಗಿಯೇ ಉಳಿಯುತ್ತದೆ.

ಕಲ್ಲಿನ ರಾಶಿಯನ್ನು ಒಂದು ಮಳೆಗೆ ಬಿಟ್ಟರೆ ಅಂಟಿದ ಮಣ್ಣು ಸಡಿಲವಾಗುತ್ತದೆ. ಒಣಗಿದ ಮೇಲೆ ಜರಡಿ ಹಿಡಿದು ಮಣ್ಣನ್ನು ಮೇಲಿನ ಹೊಲಕ್ಕೆ ಮರಳಿಸಿ, ಕಲ್ಲನ್ನು ಗೋಡೆಗೋ ಚರಂಡಿಗೋ ಬಳಸಬಹುದು. ರಾಶಿಯನ್ನು ಎಂದೂ ಇಳಿಜಾರಿನ ಕೆಳತುದಿಯಲ್ಲಿ, ನೀರಿನ ಪಕ್ಕದಲ್ಲಿ ಬಿಡಬಾರದು.

ನನ್ನ ಇಳಿಜಾರಿಗೆ ಆ ಮಣ್ಣನ್ನು ಬಕೆಟ್ ಬಕೆಟ್ಟಾಗಿ ಮರಳಿ ಏರಿಸಲು ಎರಡು ಬೇಸಿಗೆ, ಹುಲ್ಲು ಬೇರೂರಲು ಇನ್ನೊಂದು ವರ್ಷ ಹಿಡಿಯಿತು. ತೊರೆಗೆ ಹೋದದ್ದು ಹೋಯಿತು. ಈಗಲೂ ಪ್ರತಿ ಏಪ್ರಿಲ್ಲಿನಲ್ಲಿ ಅಲ್ಲಿ ಕಲ್ಲುಗಳು ಏಳುತ್ತವೆ. ಅವುಗಳನ್ನು ಕೈಯಿಂದಲೇ ಆಯ್ದು ತಳ್ಳುಗಾಡಿಗೆ ತುಂಬುತ್ತೇನೆ. ಎರಡು ಬೆಳಗಿನ ಕೆಲಸ. ಟ್ರ್ಯಾಕ್ಟರ್ ರೇಕ್ ಆ ಹೊತ್ತಿಗೆ ಮುಂದಿನ ಜಲ್ಲಿದಾರಿಯಲ್ಲಿರುತ್ತದೆ.